ರಾಣಿ ಕಾಲದ ಪಥ್ಯದಡುಗೆ

ಆಂಟಿಯ ಬಗ್ಗೆ ನನಗೆ ನೆನಪಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ಗಟ್ಟಿ ಮಾಡಿಕೊಂಡದ್ದು ಎಂದು ಕೇಳಿದರೆ ಉತ್ತರವಿಲ್ಲ. ಅವರನ್ನು ಮೊದಲು ನೋಡಿದ್ದು ನಾವು ಲಂಡನ್ನಿನ ಗ್ರೀನ್‌ಫರ್ಡ್‌ನ ಈ ಮನೆಗೆ ಬಂದ ದಿನವೇ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ನನ್ನ ಹೆಂಡತಿ ಸುನಂದಾ, ಇಲ್ಲ, ನಾವು ಬಂದು ತಿಂಗಳುಗಳೇ ಆಗಿದ್ದವು ಎನ್ನುತ್ತಾಳೆ. ಕೊನೆಯ ದಿನಗಳ ವಿಷಯದಲ್ಲಂತೂ ನನ್ನ ನೆನಪನ್ನು ನಂಬುವುದಕ್ಕೇ ಹೆದರಿಕೆ. ಉಳಿದುದೆಲ್ಲ ಹಿಂದೆಮುಂದಾದರೂ ಚಿಂತೆಯಿಲ್ಲ. ಲೋಕಕ್ಕೆಲ್ಲ ಉಣಿಸಿದ ಆ ಹೆಂಗಸು ಸಾಯುವ ಮುಂಚೆ ಒಂದು ಚಮಚವನ್ನಾದರೂ ಬಾಯಿಗೆ ಹಾಕಿಕೊಂಡರೇ ಇಲ್ಲವೇ ಎಂಬುದೊಂದನ್ನು ತಿಳಿಯಬೇಕಾಗಿತ್ತು.

ಅವರು ನಮ್ಮ ಪಕ್ಕದ ಮನೆಯವರು. ಉಡುಪಿಯ ಕಡೆಯ ಶಿರ್ವ ಎಂಬ ಊರಿನ ಕೊಂಕಣಿ ಕ್ರಿಶ್ಚಿಯನ್ನರು. ಗಂಡ ತೀರಿಕೊಂಡಿದ್ದರು. ಮಗಳು ಥೇಮ್ಸ್ ನದಿಯ ಆಚೆ, ದೂರದಲ್ಲಿದ್ದಳು. ಬೀದಿಯ ಪೋಲಿಷ್ ಸಂಸಾರದಿಂದ ಹಿಡಿದು ಮೂಲೆಮನೆಯ ಇಂಗ್ಲಿಷ್ ಮುದುಕನವರೆಗೆ ಎಲ್ಲರೂ ಅವರನ್ನು ಆಂಟಿ ಎಂದೇ ಕರೆಯುತ್ತಿದ್ದುದರಿಂದ ನಾವೂ ಹಾಗೇ ಕರೆದೆವು. ಪಾರ್ಕ್ ರಾಯಲ್‌ನ ಒಂದು ಕಾರ್ಖಾನೆಯಲ್ಲಿ, ಅಂಗಡಿಗಳಿಗೆ ಹೋಗುವ ಸಿದ್ಧ ಊಟದ ಪೊಟ್ಟಣಗಳನ್ನು ತುಂಬುವ ಕೆಲಸ ಮಾಡಿ ನಿವೃತ್ತರಾಗಿದ್ದರು. "ಅರ್ಧ ಲಂಡನ್ನಿಗೆ ನಾನು ಊಟ ಹಾಕಿದ್ದೇನೆ ಡಾಕ್ಟ್ರೇ, ಒಂದು ದಿನವೂ ರುಚಿ ನೋಡ್ಲಿಕ್ಕೆ ಬಿಡ್ಲಿಲ್ಲ. ನೋಡಿದ್ರೆ ಕೆಲಸ ಹೋಗ್ತದೆ" ಎನ್ನುತ್ತಿದ್ದರು.

ಡಾಕ್ಟ್ರು ಅಂದರೆ ನಾನು. ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವನು. ಅದರಿಂದ ಹೊಟ್ಟೆ ತುಂಬದೆ ಕೆಲವು ಕೆಲಸಗಳನ್ನು ಹಿಡಿದು ಬಿಟ್ಟು, ಈಗ ಒಂದು ಗೋದಾಮಿನಲ್ಲಿ ಸರಕಿನ ಲೆಕ್ಕ ನೋಡುತ್ತೇನೆ. ಆಂಟಿ ನನ್ನನ್ನು ಯಾರಿಗಾದರೂ ಪರಿಚಯಿಸುವಾಗ, "ಇವರು ಡಾಕ್ಟ್ರು. ಜ್ವರ ಬಂದ್ರೆ ಮಾತ್ರ ಇವರ ಹತ್ರ ಹೋಗ್ಲಿಕ್ಕಿಲ್ಲ" ಎಂದು ಸೇರಿಸುತ್ತಿದ್ದರು.

ನಿವೃತ್ತಿಯ ಮೇಲೆ ಅವರಿಗೆ ಹಿಡಿದ ಹುಚ್ಚು ವಿಕ್ಟೋರಿಯಾ ರಾಣಿ ಕಾಲದ ಅಡುಗೆ. ಪಶ್ಚಿಮ ಲಂಡನ್ನಿನಲ್ಲಿ ಒಂದು ಹಳೆಯ ದೊಡ್ಡಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದರ ನೆಲಮಾಳಿಗೆಯಲ್ಲಿ ಆ ಕಾಲದ ಅಡುಗೆಮನೆಯನ್ನು ಹಾಗೆಯೇ ಉಳಿಸಿಕೊಂಡು, ಭಾನುವಾರ ಕಲ್ಲಿದ್ದಲಿನ ಕಬ್ಬಿಣದ ಒಲೆ ಹೊತ್ತಿಸಿ, ನೋಡಲು ಬಂದವರ ಎದುರಿಗೆ ಅಡುಗೆ ಮಾಡಿ ತೋರಿಸುತ್ತಾರೆ. ಚರ್ಚಿನ ಪೂಜೆ ಮುಗಿದ ಕೂಡಲೇ ಆಂಟಿ ಅಲ್ಲಿಗೆ ಹೋಗಿ, ಬಿಳಿ ಟೊಪ್ಪಿ, ಕತ್ತಿನಿಂದ ಮೊಣಕಾಲಿನವರೆಗೆ ಇಳಿಯುವ ಏಪ್ರನ್ ತೊಟ್ಟು ನಿಲ್ಲುತ್ತಿದ್ದರು. ಸಂಬಳವಿಲ್ಲದ ಸೇವೆ. ಆದರೆ ಮಾತು ಕೇಳಿದರೆ ಮನೆ ಅವರದೇ ಅನ್ನಿಸಬೇಕು.

"ಇವರ ರಾಣಿ ಕಾಲದ ಅಡುಗೆ ಇವರಿಗೇ ಬರುವುದಿಲ್ಲ ಮಾರಾಯ್ರೆ. ನಾನು ಶಿರ್ವದಿಂದ ಬಂದು ಕಲಿಸಬೇಕು."

ಒಂದು ಸಲ ನಾವಿಬ್ಬರೂ ನೋಡಲು ಹೋಗಿದ್ದೆವು. ಗಜ್ಜರಿಯನ್ನು ಬಹಳ ಹೊತ್ತಿನಿಂದ ಕುದಿಸುತ್ತಿದ್ದರು. ಆ ಕಾಲದ ಪಾಕಪುಸ್ತಕಗಳಲ್ಲಿ ತರಕಾರಿಯನ್ನು ಹಾಗೆಯೇ ಕುದಿಸಲು ಹೇಳಿದೆಯಂತೆ. ಸುನಂದಾ ಇಣುಕಿ ನೋಡಿ, "ಆಂಟಿ, ಇದು ಪಲ್ಯಾನೋ ಔಷಧನೋ?" ಎಂದಳು. ಆಂಟಿ ಸೌಟಿನ ತುದಿಯಿಂದ ಅಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, "ಹಲ್ಲಿಲ್ಲದ ಊರಿಗೆ ಮಾಡಿದ್ದು" ಎಂದರು. ಅಲ್ಲಿನ ಮೇಲ್ವಿಚಾರಕ, ಒಬ್ಬ ತೆಳ್ಳನೆಯ ಇಂಗ್ಲಿಷ್ ಯುವಕ, ಮೆಲ್ಲಗೆ ಹತ್ತಿರ ಬಂದು, ಅಂಗೈಯಲ್ಲಿ ರುಚಿ ನೋಡಬಾರದು, ವಿಕ್ಟೋರಿಯಾ ಕಾಲದ ಅಡುಗೆಯವಳು ಹಾಗೆ ಮಾಡುತ್ತಿರಲಿಲ್ಲ ಎಂದ. ಆಂಟಿ ಅವನನ್ನು ಮೇಲಿಂದ ಕೆಳಗೆ ನೋಡಿ, ಆ ಅಡುಗೆಯವಳನ್ನು ನೀನು ನೋಡಿದ್ದೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ಗಜ್ಜರಿಯನ್ನು ನೋಡಿದೆ.

ಅದೇ ಮಧ್ಯಾಹ್ನ ಯಾರೋ ಬಂದವರು, ಆಗಿನ ದೊಡ್ಡಮನೆಗಳಲ್ಲಿ ಇಂಡಿಯಾದ ಅಡುಗೆಯವರೂ ಇದ್ದರೇ ಎಂದು ಕೇಳಿದರು. ಆಂಟಿ ಒಂದು ಚೂರೂ ತಡವರಿಸದೆ, ಇದ್ದರು, ನನ್ನ ಅಜ್ಜಿಯೇ ಇದ್ದಳು, ಮಂಗಳೂರಿನ ಕಲೆಕ್ಟರ್ ಬಂಗಲೆಯಲ್ಲಿ ಪುಡಿಂಗ್ ಮಾಡುತ್ತಿದ್ದಳು ಎಂದುಬಿಟ್ಟರು. ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ಕೇಳಿದೆ.

"ಆಂಟಿ, ಮೊನ್ನೆ ನಿಮ್ಮ ಅಜ್ಜಿ ಶಿರ್ವ ಬಿಟ್ಟು ಹೊರಗೇ ಹೋಗಿಲ್ಲ ಅಂದಿದ್ರಿ?"

"ಹೌದು."

"ಮತ್ತೆ ಕಲೆಕ್ಟರ್ ಬಂಗಲೆ? ಅದಕ್ಕೆ ಏನಾದ್ರೂ ಪುರಾವೆ?"

"ಪುರಾವೆ ಎಂತದಕ್ಕೆ? ಅವಳು ಹೋಗಿದ್ರೆ ಮಾಡ್ತಿರ್ಲಿಲ್ವಾ ಪುಡಿಂಗು? ನಿಮಗೆ ಎಲ್ಲದಕ್ಕೂ ಒಂದು ಕಾಗದ ಬೇಕು. ಹಸಿವಾದ್ರೂ ಸೀಲು ಹೊಡೆಸಿಕೊಂಡು ಬನ್ನಿ."

ಸುನಂದಾ ಮುಸಿಮುಸಿ ನಕ್ಕಳು. ಆಂಟಿಗೆ ಎಲ್ಲವೂ ಗೊತ್ತಿತ್ತು ಎಂದೇನೂ ಅಲ್ಲ. ಗೊತ್ತಿಲ್ಲದ್ದನ್ನು ಇನ್ನೂ ಜೋರಾಗಿ ಹೇಳುತ್ತಿದ್ದರು. ಮೊದಲ ದಿನವೆಂದು ನಾನು ಹೇಳಿದೆನಲ್ಲ, ಅಥವಾ ಕೆಲವು ತಿಂಗಳ ಮೇಲೋ, ಅವರು ನಮ್ಮ ಮನೆಗೆ ಬಂದಾಗ ವ್ಯಾಕ್ಯೂಮ್ ಯಂತ್ರ ಕೆಟ್ಟಿತ್ತು. "ಯಂತ್ರ ಎಂತಕ್ಕೆ? ರಾಣಿ ಕಾಲದಲ್ಲಿ ಯಂತ್ರ ಇತ್ತಾ?" ಎನ್ನುತ್ತಾ ತಮ್ಮ ಮನೆಗೆ ಹೋಗಿ, ಚಹಾ ಸೋಸಿ ಉಳಿದ ಒದ್ದೆ ಚರಟವನ್ನು ಪಾತ್ರೆ ತುಂಬ ತಂದರು. ಅದನ್ನು ಕಾರ್ಪೆಟ್ಟಿನ ಮೇಲೆ ಬೀಜ ಬಿತ್ತುವವರಂತೆ ಎರಚಿ, ಕಸಬರಿಗೆಯಿಂದ ಗುಡಿಸಿದರು. ಧೂಳೆಲ್ಲ ಚರಟಕ್ಕೆ ಅಂಟಿಕೊಂಡು ಬಂತು, ನಿಜ. ಆದರೆ ಬಾಡಿಗೆ ಮನೆಯ ಆ ಕಾರ್ಪೆಟ್ ಹಾಲಿನ ಕೆನೆ ಬಣ್ಣದ್ದು. ಸಂಜೆ ಹೊತ್ತಿಗೆ ಅದರ ತುಂಬ ಚಿರತೆಯ ಮೈಯಂತೆ ಕಂದು ಕಲೆ. ಸುನಂದಾ ಅಳುವುದೊಂದು ಬಾಕಿ.

ಆಂಟಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಆ ಕಾಲದ ಕಾರ್ಪೆಟ್ಟು ಕಪ್ಪು ಕೆಂಪು ಇರ್ತಿತ್ತು. ಇಂಥ ಬೋಳು ಬಣ್ಣದ್ದಲ್ಲ. ತಪ್ಪು ಚಹಾದ್ದಲ್ಲ, ಕಾರ್ಪೆಟ್ಟಿನದ್ದು."

ಅವರಿಗೆ ಅತ್ಯಂತ ಪ್ರೀತಿಯದು ರೋಗಿಗಳ ಅಡುಗೆ. ರಾಣಿ ಕಾಲದ ಗೃಹಿಣಿಯರ ಪುಸ್ತಕಗಳಲ್ಲಿ ಹಾಸಿಗೆ ಹಿಡಿದವರ ಊಟಕ್ಕೆ ಒಂದು ಭಾಗವನ್ನೇ ಇಡುತ್ತಿದ್ದರಂತೆ. ಬಾರ್ಲಿ ನೀರು, ಗೋಮಾಂಸದ ಸಾರು, ಕರುವಿನ ಕಾಲಿನ ಜೆಲ್ಲಿ, ಸುಟ್ಟ ಬ್ರೆಡ್ಡಿನ ಮೇಲೆ ಕುದಿನೀರು ಸುರಿದು ಸೋಸಿದ ನೀರು. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಆಂಟಿ ಮುಚ್ಚಿದ ಪಾತ್ರೆ ಹಿಡಿದು ಹೊರಟರು. ನಮ್ಮದು ಧಾರವಾಡದ ಲಿಂಗಾಯತರ ಮನೆ ಎಂಬುದನ್ನು ಮಾತ್ರ ಒಮ್ಮೆಯೂ ಮರೆಯಲಿಲ್ಲ. "ಹೆದರ್ಬೇಡಿ, ಆ ಸಾರು ನಿಮ್ಮ ಗೇಟು ದಾಟುವುದಿಲ್ಲ. ನಿಮಗೆ ಸುಟ್ಟ ಬ್ರೆಡ್ಡು." ಜ್ವರದಲ್ಲಿ ಮಲಗಿದ್ದ ನಾನು ಅದನ್ನು ಕುಡಿದು, ಬೆಂಕಿ ಆರಿಸಿದ ಮನೆಯ ನೀರು ಕುಡಿದ ಹಾಗಿದೆ ಎಂದೆ. "ಹಾಗಾದ್ರೆ ನಾಲಿಗೆ ಸರಿ ಉಂಟು, ನಾಳೆ ಏಳ್ತೀರಿ" ಎಂದರು. ಎದ್ದೆನೋ ಇಲ್ಲವೋ ನೆನಪಿಲ್ಲ. ಎದ್ದೆ ಎಂದು ಅವರು ಊರಿಗೆಲ್ಲ ಹೇಳಿದ್ದರು.

ಒಂದು ಭಾನುವಾರ, ಟೊಪ್ಪಿ ಮತ್ತು ಏಪ್ರನ್ ಇದ್ದ ಚೀಲ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತಿದ್ದ ಆಂಟಿ ಅಲ್ಲೇ ಕುಸಿದರು. ಸ್ಟ್ರೋಕ್.

ನಾವು ವಾರ್ಡಿಗೆ ಹೋದಾಗ ಅವರ ತಲೆಯ ಮೇಲೆ ಗೋಡೆಗೆ ಒಂದು ಫಲಕ ಅಂಟಿಸಿದ್ದರು. ಬಾಯಿಯ ಮೂಲಕ ಏನನ್ನೂ ಕೊಡಬಾರದು, ನೀರನ್ನೂ. ನುಂಗುವ ಶಕ್ತಿ ಹೋಗಿತ್ತು. ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಬಿಟ್ಟು ಅದರಲ್ಲಿ ತಿಳಿಕಂದು ದ್ರವವೊಂದನ್ನು ಇಳಿಸುತ್ತಿದ್ದರು. ಆಂಟಿ ಅದನ್ನು ಕಿತ್ತುಹಾಕುತ್ತಿದ್ದರು. ಮತ್ತೆ ಹಾಕಿದರೆ ಮತ್ತೆ ಕಿತ್ತರು. ಕೊನೆಗೆ ಎರಡೂ ಕೈಗಳಿಗೆ ಬೆರಳೇ ಕಾಣದ ದಪ್ಪ ಬಿಳಿ ಗವಸು ಹಾಕಿ ಕಟ್ಟಿದರು. ಕುಸ್ತಿಗೆ ಇಳಿದವರಂತೆ ಕಾಣುತ್ತಿದ್ದರು. ಯಾವತ್ತೂ ಏನನ್ನಾದರೂ ಕಲಸುತ್ತ, ಸೋಸುತ್ತ ಇದ್ದ ಆ ಕೈಗಳನ್ನು ಹೊದಿಕೆಯ ಮೇಲೆ ಎರಡು ಗಂಟುಗಳಂತೆ ಇಟ್ಟಿದ್ದರು.

ಮಾತು ತೊದಲುತ್ತಿತ್ತು. ಇಂಗ್ಲಿಷ್ ಪೂರ್ತಿ ಹೋಗಿತ್ತು. ಕೊಂಕಣಿ, ಕನ್ನಡ ಎರಡೂ ಬೆರೆತ ತುಂಡು ತುಂಡು ಶಬ್ದ. ನನ್ನನ್ನು ಕಂಡ ಕೂಡಲೇ, "ಡಾಕ್ಟ್ರೇ... ನೀರು" ಎಂದರು. ಇದು ಸ್ಪಷ್ಟವಾಗಿಯೇ ಇತ್ತು. ಪಕ್ಕದ ಮಂಚದವರ ಮೇಜಿನ ಮೇಲೆ ನೀರಿನ ಜಗ್ ಇತ್ತು. ಅದರತ್ತ ನೋಡಿ, ನನ್ನತ್ತ ನೋಡಿ, ಮತ್ತೆ ಅಂದರು. ನಾನು ಹೊರಗೆ ಬಂದು ಲಿಫ್ಟಿನ ಎದುರು ನಿಂತುಬಿಟ್ಟೆ.

ಮಗಳು ಶರಲ್ ದಿನವೂ ಕೆಲಸ ಮುಗಿಸಿ ಅಷ್ಟು ದೂರದಿಂದ ಟ್ಯೂಬ್ ರೈಲಿನಲ್ಲಿ ಬರುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ವಾರಗಳು ಕಳೆದವು. ನ್ಯುಮೋನಿಯಾ ಬಂದು ಹೋಯಿತು, ಮತ್ತೆ ಬಂತು. ಒಂದು ದಿನ ವೈದ್ಯೆ ಶರಲ್‌ಳನ್ನು ಕೂರಿಸಿಕೊಂಡು ಮಾತಾಡಿದರು. ನನ್ನನ್ನೂ ಅವಳು ಜೊತೆಗೆ ಕರೆದಿದ್ದಳು. ಹೊಟ್ಟೆಗೇ ತೂತು ಮಾಡಿ ನಳಿಗೆ ಹಾಕುವುದು ಒಂದು ದಾರಿ. ಇಲ್ಲವೇ ನಳಿಗೆಯನ್ನೆಲ್ಲ ತೆಗೆದು, ಬಾಯಿಗೆ ಅವರು ಇಷ್ಟಪಟ್ಟಷ್ಟು ಸ್ವಲ್ಪ ಸ್ವಲ್ಪ ಕೊಡುವುದು. ಅದು ಶ್ವಾಸಕೋಶಕ್ಕೆ ಹೋಗಬಹುದು. ಹೋದರೆ ಆಂಟಿ ಉಳಿಯುವುದಿಲ್ಲ.

ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಹೊಟ್ಟೆಯ ನಳಿಗೆಯಿಂದ ಇಂಥವರು ಹೆಚ್ಚು ದಿನ ಬದುಕುತ್ತಾರೆ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದೆ. ವೈದ್ಯೆ ಬೇಸರಿಸಿಕೊಳ್ಳಲಿಲ್ಲ. ಇವರ ಈಗಿನ ಸ್ಥಿತಿಯಲ್ಲಿ ಅದರಿಂದ ಬದುಕುತ್ತಾರೆ ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ ಎಂದರು.

"ಅಂಕಲ್, ವಾಟ್ ಡಸ್ ಶೀ ವಾಂಟ್?" ಎಂದಳು ಶರಲ್. "ನಿಮ್ಮ ಹತ್ತಿರ ಕನ್ನಡದಲ್ಲಿ ಮಾತಾಡ್ತಾರಲ್ಲ, ಯು ಟೆಲ್ ಮಿ."

ನೀರು ಬೇಕು ಅಂತಾರೆ, ಎಂದೆ. ಅದು ಅವಳಿಗೂ ಗೊತ್ತಿತ್ತು. ಬಾಯಾರಿಕೆಯಾಗಿದೆ ಎಂದು ಹೇಳಿದವರು, ಸತ್ತರೂ ಚಿಂತೆಯಿಲ್ಲ ಎಂದು ಹೇಳಿದ ಹಾಗಾಗುತ್ತದೆಯೇ? ಕೊನೆಗೆ ನಳಿಗೆ ತೆಗೆಯಿರಿ ಎಂದು ಶರಲ್ ತಾನೇ ಹೇಳಿದಳು.

ಗವಸುಗಳು ಬಿಚ್ಚಿದವು. ವಾರ್ಡಿನವರು ಹಣ್ಣಿನ ಪಾನಕಕ್ಕೆ ಪುಡಿ ಹಾಕಿ ಗಟ್ಟಿ ಮಾಡಿ ಚಮಚದಲ್ಲಿ ಹಿಡಿದರು. ತೆಳುವಾದದ್ದು ಅಪಾಯ, ಗಟ್ಟಿಯಾದದ್ದು ನಿಧಾನ ಇಳಿಯುತ್ತದಂತೆ. ಆಂಟಿ ತುಟಿ ಬಿಗಿಹಿಡಿದರು. ಮರುದಿನವೂ ಅಷ್ಟೇ. ಮನೆಯಿಂದ ತರಬಹುದೇ ಎಂದು ಶರಲ್ ಕೇಳಿದಳು. ನುಂಗುವುದನ್ನು ಪರೀಕ್ಷಿಸುವ ಥೆರಪಿಸ್ಟ್ ಒಪ್ಪಿದಳು. ಒಂದೇ ಷರತ್ತು: ಕಸ್ಟರ್ಡಿನಷ್ಟು ನುಣ್ಣಗಿರಬೇಕು, ಒಂದು ಗಂಟೂ ಇರಬಾರದು. ಗಂಟು ಸಿಕ್ಕರೆ ಉಸಿರು ಕಟ್ಟುತ್ತದೆ.

"ಐ ಡೋಂಟ್ ಕುಕ್, ಅಂಕಲ್" ಎಂದು ಶರಲ್ ಫೋನಿನಲ್ಲಿ ಅತ್ತಳು.

ಕೂವೆ ಹಿಟ್ಟು ನೆನಪಾದದ್ದು ಸುನಂದಾಗೆ. ಆರೋರೂಟ್ ಎಂದು ಇಲ್ಲಿ ಸಿಗುವ ಅದು ರಾಣಿ ಕಾಲದ ರೋಗಿಗಳ ಗಂಜಿಯೂ ಹೌದು, ಆಂಟಿಯ ಊರಿನಲ್ಲಿ ಹಾಸಿಗೆ ಹಿಡಿದವರಿಗೆ ಕೊಡುವುದೂ ಹೌದು. ಇದೊಂದು ವಿಷಯದಲ್ಲಿ ಎರಡು ಊರಿಗೂ ಜಗಳವಿಲ್ಲ ಎಂದು ಆಂಟಿ ಹೇಳುತ್ತಿದ್ದರಂತೆ. ಆದರೆ ನಮ್ಮ ಧಾರವಾಡದ ಮನೆಯಲ್ಲಿ ಕೂವೆ ಕಂಡವರು ಯಾರು? ಸುನಂದಾ ಜುಣಕಕ್ಕೆ ಕಡಲೆಹಿಟ್ಟು ಬಿಡುವ ಅಭ್ಯಾಸದಲ್ಲಿ, ಕುದಿಯುವ ಹಾಲಿಗೆ ಪುಡಿಯನ್ನು ನೇರ ಸುರಿದಳು. ಕಣ್ಣು ಮಿಟುಕಿಸುವುದರೊಳಗೆ ಅದು ಗುಂಡುಗುಂಡಾಗಿ ತೇಲತೊಡಗಿತು.

"ಅಯ್ಯ, ಕಣ್ಣಗುಡ್ಡಿ ಹಂಗ ಆತಲ್ರೀ!"

"ತಿರುವು, ತಿರುವು."

"ಎಲ್ಲಿ ತಿರುವ್ಲಿ? ನೀವ ಬಂದು ತಿರುವ್ರಿ. ಬರೇ ಹೇಳೂದು ನಿಮ್ದು."

ಸರಿಯಾಗಿ ಮಾಡುವುದು ಹೇಗೆ ಎಂದು ಕೇಳಬಹುದಾಗಿದ್ದ ಒಬ್ಬರೇ ಒಬ್ಬರು ಮಾತು ಕೂಡದೆ ಆಸ್ಪತ್ರೆಯಲ್ಲಿ ಮಲಗಿದ್ದರು. ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಬಿಸಿಹಾಲು ಬಿಡುತ್ತ ಕಲಕಬೇಕಂತೆ. ಹಾಲು ಮುಗಿದಿತ್ತು. ಅಂಗಡಿಗೆ ಓಡಿದೆ. ಎರಡನೆಯದು ಚೆನ್ನಾಗಿ ಬಂತು. ಸಕ್ಕರೆ ಹಾಕಿ, ಆಂಟಿ ಪುಡಿಂಗಿಗೆ ಹಾಕುವ ಹಾಗೆ ಚೂರು ಜಾಯಿಕಾಯಿ ತೇಯ್ದು, ಜರಡಿ ಹಿಡಿದು ಸ್ಟೀಲ್ ಡಬ್ಬಿಗೆ ಸುರಿದೆವು. ದಾರಿಯಲ್ಲಿ ರಸ್ತೆ ಅಗೆದಿದ್ದರು. ಬಸ್ಸು ಹತ್ತು ಮಾರು ಹೋಗಿ ನಿಲ್ಲುತ್ತಿತ್ತು. ಡಬ್ಬಿಯನ್ನು ಸುನಂದಾ ಸೆರಗಿನಂತೆ ಸ್ಕಾರ್ಫಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡಿದ್ದಳು.

ನಾವು ತಲುಪಿದಾಗ ಆಂಟಿ ಎಚ್ಚರವಾಗಿದ್ದರು. ದಿಂಬುಗಳನ್ನು ಒತ್ತಿ ನೆಟ್ಟಗೆ ಕೂರಿಸಿದ್ದರು. ಊಟದ ಹೊತ್ತಿನಲ್ಲಿ ರೋಗಿಯ ಗಮನ ಅತ್ತಿತ್ತ ಹೋಗಬಾರದು, ಒಬ್ಬರೇ ಇರಿ ಎಂದು ವಾರ್ಡಿನವರು ಹೇಳಿದರು. ಶರಲ್ ಗಂಜಿಯನ್ನು ಬಟ್ಟಲಿಗೆ ಸುರಿದುಕೊಂಡು ಒಳಗೆ ಹೋದಳು. ನರ್ಸ್ ಒಬ್ಬಳು ಪರದೆ ಎಳೆದಳು. ನಾವು ಹೊರಗೆ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತೆವು. ಕೆಮ್ಮು ಕೇಳುತ್ತದೆಯೋ ಎಂದು ನಾನು ಕಿವಿಯಾಗಿದ್ದೆ. ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಶರಲ್ ಹೊರಬಂದಳು. ಬಟ್ಟಲು ಖಾಲಿಯಾಗಿತ್ತು, ಚಮಚದಿಂದ ಕೆರೆದ ಹಾಗೆ. ಅವಳು ನೇರ ಅದನ್ನು ತೊಳೆಯಲು ಹೋದಳು. ಸುನಂದಾ ನನ್ನ ತೋಳು ಹಿಡಿದು ಅತ್ತಳು. ನಾನೂ ಅತ್ತೆನೆಂದು ಅವಳು ಹೇಳುತ್ತಾಳೆ.

ಆ ವಾರದೊಳಗೆ ಆಂಟಿ ತೀರಿಕೊಂಡರು.

ಅಂತ್ಯಕ್ರಿಯೆಯ ಮೇಲೆ ಚರ್ಚ್ ಹಾಲ್‌ನಲ್ಲಿ ಸೇರಿದ್ದವರಿಗೆಲ್ಲ ನಾನು ಹೇಳಿದ್ದು ಇದನ್ನೇ. ಆಂಟಿ ಕೊನೆಗೆ ಒಂದು ಬಟ್ಟಲು ಕೂವೆ ಗಂಜಿ ತಿಂದು ಹೋದರು. ಬೀದಿಯವರಿಗೆ ಹೇಳಿದೆ. ಸಂಗ್ರಹಾಲಯದ ಆ ತೆಳ್ಳನೆಯ ಯುವಕನಿಗೆ ಹೇಳಿದೆ, ಅವನು ಕಣ್ಣೊರೆಸಿಕೊಂಡ. ಹೇಳುತ್ತ ಹೋದಂತೆ ಅವರು ಚಪ್ಪರಿಸಿದ್ದು ಸೇರಿತು. ಆಮೇಲೆ ಹುಬ್ಬು ಗಂಟಿಕ್ಕಿ, ಜಾಯಿಕಾಯಿ ಜಾಸ್ತಿ ಆಯ್ತು ಎಂದದ್ದೂ ಸೇರಿತು. ಈಗ ಕಣ್ಣು ಮುಚ್ಚಿದರೆ ಆ ಮುಖ ಕಾಣುತ್ತದೆ. ಒಂದು ದಿನ ಇದನ್ನು ಯಾರಿಗೋ ಹೇಳುತ್ತಿದ್ದಾಗ ಸುನಂದಾ ನಡುವೆ ಬಾಯಿ ಹಾಕಿದಳು.

"ನೀವು ಯಾವಾಗ ನೋಡಿದ್ರಿ? ನನ್ನ ಬಾಜೂಕ ಕುರ್ಚಿ ಮ್ಯಾಲೆ ಕುಂತಿದ್ರಲ್ಲ."

ಕೂತಿದ್ದೆ. ಪರದೆ ಎಳೆದಿತ್ತು.

ಆಂಟಿಯ ಮನೆ ಮಾರಾಟಕ್ಕೆಂದು ಸಾಮಾನು ತೆಗೆಯಲು ಶರಲ್ ಬಂದ ದಿನ, ಅಂದು ಗಂಜಿ ತಿಂದದ್ದು ಆಂಟಿಯೇನಾ ಎಂದು ಕೇಳಿಬಿಟ್ಟೆ. ಕೇಳದೆ ಇದ್ದಿದ್ದರೆ ಆಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಅವಳು ಪೆಟ್ಟಿಗೆಗೆ ಟೇಪ್ ಅಂಟಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಅಮ್ಮ ಬಾಯಿ ತೆರೆಯಲಿಲ್ಲ. ಚಮಚ ತುಟಿಗೆ ತಾಗಿಸಿದರೆ, ಕೈಯಿಂದ ಅದನ್ನು ನನ್ನ ಬಾಯಿಯತ್ತ ತಳ್ಳಿದಳು. ಬೇಡ ಅಂದೆ. ಮತ್ತೆ ತಳ್ಳಿದಳು. ಕೆಲಸದಿಂದ ನೇರ ಬಂದಿದ್ದೆ, ಬೆಳಗಿನಿಂದ ಏನೂ ತಿಂದಿರಲಿಲ್ಲ. ಅದು ಅವಳಿಗೆ ಹೇಗೆ ತಿಳಿಯಿತೋ. ಒಂದು ಚಮಚ ತಿಂದೆ. ಇನ್ನೊಂದಕ್ಕೂ ತಳ್ಳಿದಳು.

"ನೀವು ಹಾಲ್‌ನಲ್ಲಿ ಎಲ್ಲರಿಗೂ ಹೇಳ್ತಿದ್ರಿ, ಅಂಕಲ್. ಐ ಕುಡಂಟ್ ಸ್ಟಾಪ್ ಯು."

ಒಬ್ಬರ ಮಾತನ್ನೇ ನಂಬಿ ನನಗೆ ಅಭ್ಯಾಸವಿಲ್ಲ. ಶರಲ್ ಸಹ ದುಃಖದಲ್ಲಿದ್ದವಳು, ಅವಳ ನೆನಪೂ ನನ್ನದರ ಹಾಗೆಯೇ ಬೆಳೆದಿರಬಹುದು ಎಂದುಕೊಂಡು ಕೆಲವು ವಾರ ತಳ್ಳಿದೆ. ಆಮೇಲೆ ಗ್ರೀನ್‌ಫರ್ಡ್‌ನ ತರಕಾರಿ ಅಂಗಡಿಯಲ್ಲಿ, ಅಂದು ಪರದೆ ಎಳೆದಿದ್ದ ನರ್ಸ್ ಎದುರಿಗೆ ಸಿಕ್ಕಳು. ಕೇರಳದವಳು. ನುಗ್ಗೆಕಾಯಿ ಆರಿಸುತ್ತಿದ್ದಳು. ಪರಿಚಯ ಹೇಳಿಕೊಂಡು ಕೇಳಿದೆ. ಅವಳಿಗೆ ತಕ್ಷಣ ನೆನಪಾಯಿತು. ರೋಗಿಯ ಊಟ ನೀವು ತಿನ್ನಬಾರದು ಎಂದು ಹೇಳಲು ಪರದೆಯೊಳಗೆ ಹೋಗಿದ್ದಳಂತೆ, ಹೇಳಲಾಗದೆ ವಾಪಸು ಬಂದಳಂತೆ. ಪೂರ್ತಿ ಬಟ್ಟಲನ್ನು ಮಗಳೇ ತಿಂದದ್ದು.